ಟ್ರೇಲ್ ಸ್ಮೋಕ್ ಈಟರ್ಸ್: ಒಂದು ಕಾರ್ಖಾನೆ ಊರಿನ ಐಸ್ ಹಾಕಿ ತಂಡದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಐಸ್ ಹಾಕಿಯ ವಿಶ್ವ ಚಾಂಪಿಯನ್‌ಗಳ ಪಟ್ಟಿ ತೆಗೆದು ನೋಡಿ. 1939 ಮತ್ತು 1961ರ ಪಕ್ಕದಲ್ಲಿ ಕೆನಡಾ ಎಂದು ಇರುತ್ತದೆ. ಆದರೆ ಆ ಎರಡು ಸಲವೂ ಕೆನಡಾದ ಜೆರ್ಸಿ ತೊಟ್ಟು ಆಡಿದ್ದು ಟ್ರೇಲ್ ಎಂಬ ಸಣ್ಣ ಊರಿನ ‘ಸೀನಿಯರ್ ಅಮೆಚೂರ್’ ಕ್ಲಬ್ ತಂಡ, ಸ್ಮೋಕ್ ಈಟರ್ಸ್. ಆಟಗಾರರಲ್ಲಿ ಬಹಳ ಮಂದಿ ಸೀಸ, ಸತು ಕರಗಿಸುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ನನಗೆ ಕ್ರೀಡಾ ಇತಿಹಾಸದಲ್ಲಿ ತುಂಬಾ ಇಷ್ಟವಾದ ತಂಡ ಇದು. ಇದರ ಬಗ್ಗೆ ಮಾತೆತ್ತಿದಾಗಲೆಲ್ಲ ಜನ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಟ್ರೇಲ್ ಎಲ್ಲಿದೆ? ಎಂಥಾ ಊರು ಅದು?

ಕೆನಡಾದ ಪಶ್ಚಿಮ ತುದಿಯ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿದೆ. ಕೂಟ್ನಿ ಎಂಬ ಗುಡ್ಡಗಾಡು ಪ್ರದೇಶದಲ್ಲಿ, ಕೊಲಂಬಿಯಾ ನದಿಯ ಎರಡೂ ದಡದ ಮೇಲೆ ಊರು ಹರಡಿಕೊಂಡಿದೆ. ಅಲ್ಲಿಂದ ದಕ್ಷಿಣಕ್ಕೆ ಸ್ವಲ್ಪ ದೂರ ಹೋದರೆ ಅಮೆರಿಕದ ಗಡಿ. ಎರಡೂ ಕಡೆ ಕಡಿದಾದ ಇಳಿಜಾರು. ಮನೆಗಳನ್ನು ಅದರ ಮೇಲೆಯೇ ಕಟ್ಟಿಕೊಂಡಿದ್ದಾರೆ. ಹಿಮದಲ್ಲಿ ಜಾರದೆ ಹತ್ತಿ ಇಳಿಯಲಿ ಅಂತ ಮೆಟ್ಟಿಲುಗಳ ಮೇಲೆ ಛಾವಣಿ ಹಾಕಿರುವುದನ್ನು ಇವತ್ತಿಗೂ ನೋಡಬಹುದು.

ಊರು ಬೆಳೆದಿದ್ದೇ ಕಾರ್ಖಾನೆಯಿಂದ. ಪಕ್ಕದ ರಾಸ್ಲೆಂಡ್‌ನಲ್ಲಿ ಚಿನ್ನ, ತಾಮ್ರದ ಗಣಿಗಳು ಸಿಕ್ಕವು. ಆ ಅದಿರನ್ನು ಕರಗಿಸಲು 1896ರಲ್ಲಿ ಟ್ರೇಲ್‌ನಲ್ಲಿ ಕುಲುಮೆ ಹೊತ್ತಿಸಿದರು. ಆಮೇಲೆ ಅದು ಕೆನಡಿಯನ್ ಪೆಸಿಫಿಕ್ ರೈಲ್ವೆ ಕಂಪನಿಯ ಕೈಗೆ ಬಂತು. 1906ರಲ್ಲಿ ಕನ್ಸಾಲಿಡೇಟೆಡ್ ಮೈನಿಂಗ್ ಅಂಡ್ ಸ್ಮೆಲ್ಟಿಂಗ್ ಎಂಬ ಕಂಪನಿ ಆಯಿತು. ಇದೇ ಮುಂದೆ ಕೊಮಿಂಕೊ ಎಂದು ಹೆಸರಾಯಿತು, ಈಗ ಟೆಕ್ ಕಂಪನಿ ನಡೆಸುತ್ತಿದೆ. ಸೀಸ ಮತ್ತು ಸತುವಿಗೆ ಪ್ರಪಂಚದಲ್ಲೇ ದೊಡ್ಡ ಕಾರ್ಖಾನೆಗಳಲ್ಲಿ ಇದೂ ಒಂದು.

ತಂಡ ಎರಡನೇ ಸಲ ವಿಶ್ವ ಚಾಂಪಿಯನ್ ಆದಾಗ ಊರಿನ ಜನಸಂಖ್ಯೆ ಸುಮಾರು ಹನ್ನೊಂದು ಸಾವಿರ. ಈಗ ಇನ್ನೂ ಕಡಿಮೆ, ಎಂಟು ಸಾವಿರದ ಹತ್ತಿರ.

‘ಸೀನಿಯರ್ ಅಮೆಚೂರ್’ ಅಂದ್ರೆ ವಯಸ್ಸಾದವರ ತಂಡವಾ?

ಅಲ್ಲ. ಜೂನಿಯರ್ ವಯಸ್ಸು ದಾಟಿದವರೆಲ್ಲ ಸೀನಿಯರ್, ಅಷ್ಟೇ. ಇಪ್ಪತ್ತೊಂದು ವರ್ಷದ ಹುಡುಗನೂ ಸೀನಿಯರ್ ಆಟಗಾರನೇ. ಅಮೆಚೂರ್ ಅಂದರೆ ಆಟವೇ ಹೊಟ್ಟೆಪಾಡು ಅಲ್ಲ. ಹಗಲು ಕೆಲಸ, ಸಂಜೆ ಅಭ್ಯಾಸ, ವಾರದ ಕೊನೆಗೆ ಮ್ಯಾಚ್. ಹಾಗಂತ ಸುಮ್ನೆ ಕಾಲ ಕಳೆಯಲು ಆಡುವ ಆಟ ಅಂದುಕೊಳ್ಳಬೇಡಿ. 1942ರಿಂದ 1967ರವರೆಗೆ ಎನ್‌ಎಚ್‌ಎಲ್ ಎಂಬ ವೃತ್ತಿಪರ ಲೀಗ್‌ನಲ್ಲಿ ಇದ್ದದ್ದು ಆರೇ ತಂಡ. ಅಲ್ಲಿ ಜಾಗ ಸಿಗದ ಎಷ್ಟೋ ಒಳ್ಳೆಯ ಆಟಗಾರರು ಸೀನಿಯರ್ ತಂಡಗಳಲ್ಲಿ ಆಡುತ್ತಿದ್ದರು. ವೃತ್ತಿಪರ ಆಟ ಬಿಟ್ಟು ಬಂದು, ಮತ್ತೆ ಅಮೆಚೂರ್ ಎಂದು ಮಾನ್ಯತೆ ಪಡೆದು ಆಡಿದವರೂ ಇದ್ದರು. ಹಾಗಾಗಿ ಆಟದ ಮಟ್ಟ ನಿಜಕ್ಕೂ ಜೋರಾಗಿತ್ತು.

‘ಸ್ಮೋಕ್ ಈಟರ್ಸ್’ ಎಂಬ ಹೆಸರು ಎಲ್ಲಿಂದ ಬಂತು?

ಕಾರ್ಖಾನೆಯ ಚಿಮಣಿಯಿಂದ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದೂ ಸೇರಿಕೊಂಡಿದೆ. ಆದರೆ ಊರಿನಲ್ಲಿ ಹೇಳುವ ಕತೆ ಬೇರೆ. 1929ರಲ್ಲಿ ತಂಡ ವ್ಯಾಂಕೂವರ್‌ಗೆ ಪಂದ್ಯ ಆಡಲು ಹೋಗಿತ್ತು. ರೆಫರಿ ಕೊಟ್ಟ ಪೆನಾಲ್ಟಿಯಿಂದ ಗಲಾಟೆ ಶುರುವಾಯಿತು. ಸ್ಟ್ಯಾಂಡಿನಿಂದ ಜನ ಕೈಗೆ ಸಿಕ್ಕಿದ್ದನ್ನೆಲ್ಲ ಐಸ್ ಮೇಲೆ ಎಸೆದರು. ಅದರಲ್ಲಿ ಇನ್ನೂ ಹೊಗೆಯಾಡುತ್ತಿದ್ದ ಒಂದು ತಂಬಾಕಿನ ಪೈಪ್ ಕೂಡ ಇತ್ತು. ಟ್ರೇಲ್‌ನ ಆಟಗಾರನೊಬ್ಬ ಅದನ್ನು ಎತ್ತಿ ಬಾಯಿಗಿಟ್ಟು, ಪುಸುಪುಸು ಹೊಗೆ ಬಿಡುತ್ತಾ ಸ್ಕೇಟ್ ಮಾಡಿಕೊಂಡು ಸುತ್ತು ಹಾಕಿದ. ಅಲ್ಲಿನ ಪತ್ರಿಕೆ ಇವರನ್ನು ‘ಹೊಗೆ ತಿನ್ನುವವರು’ ಎಂದು ಕರೆಯಿತು. ಬೇರೆ ಊರಿನವರು ಅಣಕಿಸಲು ಇಟ್ಟ ಹೆಸರನ್ನು ಟ್ರೇಲ್‌ನವರು ಖುಷಿಯಿಂದ ಎದೆಯ ಮೇಲೆ ಹಾಕಿಕೊಂಡರು. ಕಿತ್ತಳೆ ಮತ್ತು ಕಪ್ಪು ತಂಡದ ಬಣ್ಣ.

ಹೊಗೆ ನಿಜಕ್ಕೂ ಅಷ್ಟೊಂದು ಇತ್ತಾ?

ಇತ್ತು. ಈ ವಿಷಯ ಬಿಟ್ಟು ಬರೀ ಆಟದ ಕತೆ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಚಿಮಣಿಯಿಂದ ಹೊರಟ ಗಂಧಕದ ಹೊಗೆ ನದಿ ಕಣಿವೆ ಹಿಡಿದು ಗಡಿ ದಾಟಿ, ಅಮೆರಿಕದ ವಾಷಿಂಗ್ಟನ್ ರಾಜ್ಯದ ರೈತರ ಬೆಳೆ ಮತ್ತು ಮರಗಳನ್ನು ಸುಟ್ಟುಹಾಕುತ್ತಿತ್ತು. ರೈತರು ದೂರು ಕೊಟ್ಟರು. ಎರಡೂ ದೇಶಗಳ ಜಂಟಿ ಆಯೋಗ 1931ರಲ್ಲಿ 3,50,000 ಡಾಲರ್ ಪರಿಹಾರ ಹೇಳಿತು. ಅಷ್ಟಕ್ಕೆ ಜಗಳ ಮುಗಿಯಲಿಲ್ಲ. ಕೊನೆಗೆ ಅಂತರರಾಷ್ಟ್ರೀಯ ಪಂಚಾಯಿತಿ ಕೂತು 1938 ಮತ್ತು 1941ರಲ್ಲಿ ತೀರ್ಪು ಕೊಟ್ಟಿತು. ಒಂದು ದೇಶ ತನ್ನ ನೆಲದಿಂದ ಪಕ್ಕದ ದೇಶಕ್ಕೆ ಹೊಗೆಯಿಂದ ಹಾನಿಯಾಗಲು ಬಿಡಬಾರದು ಎಂಬ ಮಾತು ಅಲ್ಲಿ ಗಟ್ಟಿಯಾಯಿತು. ಪರಿಸರ ಕಾನೂನು ಓದುವ ವಿದ್ಯಾರ್ಥಿಗಳಿಗೆ ‘ಟ್ರೇಲ್ ಸ್ಮೆಲ್ಟರ್ ಪ್ರಕರಣ’ ಇವತ್ತಿಗೂ ಮೊದಲ ಪಾಠಗಳಲ್ಲಿ ಒಂದು.

ಕಂಪನಿ ಆಮೇಲೆ ಆ ಗಂಧಕದ ಅನಿಲವನ್ನು ಹಿಡಿದು ರಸಗೊಬ್ಬರ ಮಾಡಲು ಶುರು ಮಾಡಿತು. ಸೀಸದ ತೊಂದರೆ ಇನ್ನೂ ಬಹಳ ದಿನ ಇತ್ತು. ಊರಿನ ಮಕ್ಕಳ ರಕ್ತದಲ್ಲಿ ಸೀಸ ಎಷ್ಟಿದೆ ಎಂದು ದಶಕಗಳಿಂದ ಪರೀಕ್ಷೆ ಮಾಡುತ್ತಾ ಬಂದಿದ್ದಾರೆ. 1990ರ ದಶಕದಲ್ಲಿ ಹೊಸ ಕುಲುಮೆ ಬಂದ ಮೇಲೆ ಅದು ಬಹಳ ಇಳಿಯಿತು. ತಂಡ ಊರಿಗೆ ಕೀರ್ತಿ ತಂದ ವರ್ಷಗಳಲ್ಲೇ ಇದೂ ನಡೆಯುತ್ತಿತ್ತು. ಎರಡಕ್ಕೂ ಬೇರು ಅದೇ ಕಾರ್ಖಾನೆ.

ಇಷ್ಟು ಸಣ್ಣ ಊರಿಗೆ ಅಷ್ಟು ಒಳ್ಳೆಯ ಆಟಗಾರರು ಎಲ್ಲಿಂದ ಬಂದರು?

ಎಲ್ಲರೂ ಕೇಳುವ ಪ್ರಶ್ನೆ ಇದು. ಉತ್ತರ ಎರಡು ಮಾತಿನಲ್ಲಿದೆ: ಕೆಲಸ ಮತ್ತು ರಿಂಕ್ (ಐಸ್ ಹಾಕಿ ಆಡುವ ಮೈದಾನ).

1930ರ ದಶಕ ಕೆನಡಾಕ್ಕೆ ತುಂಬಾ ಕೆಟ್ಟ ಕಾಲ. ಎಲ್ಲಿ ನೋಡಿದರೂ ನಿರುದ್ಯೋಗ. ಮ್ಯಾನಿಟೋಬಾ, ಸಸ್ಕಾಚುವಾನ್ ಬಯಲಿನ ಊರುಗಳಲ್ಲಿ ಚೆನ್ನಾಗಿ ಆಡುವ ಹುಡುಗರಿದ್ದರು, ಅವರಿಗೆ ಕೆಲಸ ಇರಲಿಲ್ಲ. ಟ್ರೇಲ್‌ನ ಕಂಪನಿಯಲ್ಲಿ ಕೆಲಸ ಇತ್ತು. ಚೆನ್ನಾಗಿ ಹಾಕಿ ಆಡುತ್ತೀಯಾ, ಬಾ, ಕಾರ್ಖಾನೆಯಲ್ಲಿ ಸೇರಿಕೋ ಎನ್ನುವ ಏರ್ಪಾಡು. ನಮ್ಮಲ್ಲಿ ರೈಲ್ವೆ, ಬ್ಯಾಂಕು, ಬೆಂಗಳೂರಿನ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳು ಕ್ರೀಡಾ ಕೋಟಾದಲ್ಲಿ ಆಟಗಾರರನ್ನು ಸೇರಿಸಿಕೊಂಡು ತಂಡ ಕಟ್ಟಿದ್ದು ನೆನಪಿಸಿಕೊಳ್ಳಿ, ಥೇಟ್ ಹಾಗೇ. ಆಟ ಎಷ್ಟು ವರ್ಷ ನಡೆಯುತ್ತದೋ ಯಾರಿಗೆ ಗೊತ್ತು, ಕೆಲಸ ಮಾತ್ರ ಕೈಯಲ್ಲಿರುತ್ತದೆ. ಮದುವೆಯಾಗಿ ಮನೆ ಮಾಡುವ ವಯಸ್ಸಿನ ಹುಡುಗರಿಗೆ ಇದಕ್ಕಿಂತ ದೊಡ್ಡ ಆಸೆ ಯಾವುದಿದೆ?

ಹೀಗೆ ಬಂದವರು ಅಲ್ಲೇ ನೆಲೆ ನಿಂತರು. ಸಂಜೆ ರಿಂಕ್‌ನಲ್ಲಿ ಊರಿನ ಮಕ್ಕಳಿಗೆ ಆಟ ಹೇಳಿಕೊಟ್ಟರು. ಆ ಮಕ್ಕಳು ದೊಡ್ಡವರಾಗಿ ಅದೇ ತಂಡಕ್ಕೆ ಆಡಿದರು. 1939ರ ತಂಡದಲ್ಲಿ ಹೊರಗಿನಿಂದ ಬಂದವರು ಜಾಸ್ತಿ ಕಾಣುತ್ತಾರೆ. 1961ರ ಹೊತ್ತಿಗೆ ಊರಿನಲ್ಲೇ, ಸುತ್ತಮುತ್ತಲೇ ಬೆಳೆದವರು ತಂಡದ ಬೆನ್ನೆಲುಬಾಗಿದ್ದರು. ಟ್ರೇಲ್‌ನಲ್ಲಿ ಇಟಲಿಯಿಂದ ವಲಸೆ ಬಂದ ಕುಟುಂಬಗಳು ಬಹಳ. ಗಲ್ಚ್ ಎಂಬುದು ಅವರ ಕೇರಿ. ಸ್ಕೊಡೆಲ್ಲಾರೊ, ಟಾಂಬೆಲಿನಿ, ಲೆನಾರ್ಡನ್, ಕ್ರಿಸ್ಟೊಫೊಲಿ ಎಂಬ ಹೆಸರುಗಳು ತಂಡದ ಪಟ್ಟಿಯಲ್ಲಿ ಮತ್ತೆ ಮತ್ತೆ ಬರುವುದು ಅದಕ್ಕೇ.

ರಿಂಕ್ ವಿಷಯಕ್ಕೆ ಬಂದರೆ, ಕಂಪನಿಯ ನೆರವಿನಿಂದ 1949ರಲ್ಲಿ ಟ್ರೇಲ್ ಮೆಮೋರಿಯಲ್ ಸೆಂಟರ್ ಎದ್ದಿತು. ಅದರೊಳಗಿನ ಕೊಮಿಂಕೊ ಅರೀನಾ ಆ ಕಾಲಕ್ಕೆ ಅಂಥ ಊರಿಗೆ ತುಂಬಾ ದೊಡ್ಡ ಸವಲತ್ತು.

ಒಂದು ಕ್ಲಬ್ ಇಡೀ ದೇಶದ ಪರವಾಗಿ ಆಡಿದ್ದು ಹೇಗೆ?

ಆಗಿನ ಪದ್ಧತಿಯೇ ಅದು. ಒಲಿಂಪಿಕ್ಸ್ ಮತ್ತು ವಿಶ್ವ ಚಾಂಪಿಯನ್‌ಶಿಪ್‌ಗೆ ವೃತ್ತಿಪರರಿಗೆ ಪ್ರವೇಶ ಇರಲಿಲ್ಲ. ಕೆನಡಾದಲ್ಲಿ ಸೀನಿಯರ್ ಅಮೆಚೂರ್ ತಂಡಗಳ ರಾಷ್ಟ್ರೀಯ ಟ್ರೋಫಿಗೆ ಅಲನ್ ಕಪ್ ಎಂದು ಹೆಸರು. 1908ರಿಂದ ನಡೆಯುತ್ತಿದೆ. ಸಾಮಾನ್ಯವಾಗಿ ಆ ಕಪ್ ಗೆದ್ದ ಕ್ಲಬ್ಬನ್ನೇ ಮುಂದಿನ ವರ್ಷ ದೇಶದ ತಂಡ ಎಂದು ಕಳಿಸುತ್ತಿದ್ದರು. ಗೆದ್ದವರಿಗೆ ಆಗದಿದ್ದರೆ ಬೇರೆಯವರು. 1920ರ ಒಲಿಂಪಿಕ್ಸ್‌ನಲ್ಲಿ ವಿನಿಪೆಗ್ ಫಾಲ್ಕನ್ಸ್ ಹೀಗೆ ಹೋಗಿ ಚಿನ್ನ ತಂದಿತ್ತು. ಸುಮಾರು ನಲವತ್ತು ವರ್ಷ ಈ ಪದ್ಧತಿ ನಡೆಯಿತು.

1939ರಲ್ಲಿ ಏನಾಯಿತು?

1938ರಲ್ಲಿ ಟ್ರೇಲ್ ತಂಡ ಆಂಟಾರಿಯೊ ಪ್ರಾಂತ್ಯದ ಕಾರ್ನ್‌ವಾಲ್ ಫ್ಲಯರ್ಸ್ ತಂಡವನ್ನು ಸೋಲಿಸಿ ಅಲನ್ ಕಪ್ ಗೆದ್ದಿತು. ಅದರ ಬಲದ ಮೇಲೆ 1939ರ ಫೆಬ್ರವರಿಯಲ್ಲಿ ಸ್ವಿಟ್ಜರ್ಲೆಂಡ್‌ನ ಜೂರಿಕ್ ಮತ್ತು ಬಾಸೆಲ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ಗೆ ಹೋಯಿತು.

ಎಂಟು ಪಂದ್ಯ, ಎಂಟೂ ಗೆಲುವು. ಹೊಡೆದ ಗೋಲು 42, ಬಿಟ್ಟುಕೊಟ್ಟದ್ದು 1. ಈ ಕೊನೆಯ ಅಂಕಿ ಮೊದಲ ಸಲ ಓದಿದಾಗ ಅಚ್ಚಿನ ತಪ್ಪೇ ಇರಬೇಕು ಅನ್ನಿಸುತ್ತದೆ. ಎಂಟು ಪಂದ್ಯದಲ್ಲಿ ಒಂದೇ ಗೋಲು! ಗೋಲಿನಲ್ಲಿ ನಿಂತಿದ್ದವರು ಡ್ಯೂಕ್ ಸ್ಕೊಡೆಲ್ಲಾರೊ. ಆ ಒಂದು ಗೋಲು ಬಂದದ್ದು ಚೆಕೊಸ್ಲೊವಾಕಿಯ ವಿರುದ್ಧ 2–1ರಲ್ಲಿ ಗೆದ್ದ ಪಂದ್ಯದಲ್ಲಿ. ಕೊನೆಯ ಸುತ್ತಿನಲ್ಲಿ ಅಮೆರಿಕವನ್ನು 4–0, ಆತಿಥೇಯ ಸ್ವಿಟ್ಜರ್ಲೆಂಡನ್ನು 7–0ರಿಂದ ಸೋಲಿಸಿದರು.

ಆ ಸೆಪ್ಟೆಂಬರ್‌ನಲ್ಲಿ ಯುದ್ಧ ಶುರುವಾಯಿತು. ಮುಂದಿನ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು 1947ರಲ್ಲಿ. ಅಲ್ಲಿಯವರೆಗೆ ಎಂಟು ವರ್ಷ ಕಾರ್ಖಾನೆ ಊರಿನ ಹುಡುಗರೇ ವಿಶ್ವ ಚಾಂಪಿಯನ್‌ಗಳು.

ಆ ತಂಡದ ಕೆಲವರು ಮುಂದೆ ವೃತ್ತಿಪರರಾದರು. ಜೋ ಬೆನುವಾ ಮಾಂಟ್ರಿಯಲ್ ಕೆನೇಡಿಯನ್ಸ್‌ಗೆ ಆಡಿದರು. ಜಾನಿ ಮೆಕ್‌ಕ್ರೀಡಿ 1942ರಲ್ಲಿ ಟೊರಾಂಟೊ ಮೇಪಲ್ ಲೀಫ್ಸ್ ಜೊತೆ, ಎನ್‌ಎಚ್‌ಎಲ್ ಚಾಂಪಿಯನ್‌ಗಳಿಗೆ ಸಿಗುವ ಸ್ಟ್ಯಾನ್ಲಿ ಕಪ್ ಗೆದ್ದರು.

ಮೈಕ್ ಬುಕ್ನಾ ಹೆಸರು ಟ್ರೇಲ್ ಜೊತೆ ಯಾಕೆ ಬರುತ್ತದೆ?

ಟ್ರೇಲ್‌ನಲ್ಲಿ ಹುಟ್ಟಿ ಬೆಳೆದವರು, ಇದೇ ತಂಡಕ್ಕೆ ಆಡಿದವರು. ಮನೆತನದ ಬೇರು ಸ್ಲೊವಾಕಿಯದಲ್ಲಿ. 1935ರಲ್ಲಿ ಯುರೋಪಿಗೆ ಹೋದಾಗ ಪ್ರಾಗ್‌ನಲ್ಲಿ ಅಲ್ಲಿನವರು ಆಡುವುದನ್ನು ನೋಡಿ, ಅಲ್ಲೇ ಉಳಿದು ತರಬೇತಿ ಕೊಡಲು ಶುರು ಮಾಡಿದರು. ಪಾಸ್ ಹೇಗೆ ಕೊಡಬೇಕು, ಎದುರಾಳಿಯನ್ನು ಮೈಯಿಂದ ಹೇಗೆ ತಡೆಯಬೇಕು, ಫಾರ್ವರ್ಡ್‌ಗಳು ಹಿಂದಕ್ಕೆ ಬಂದು ಹೇಗೆ ರಕ್ಷಣೆಗೆ ನಿಲ್ಲಬೇಕು, ಇಂಥ ಕೆನಡಾ ಆಟದ ಗುಟ್ಟುಗಳನ್ನೆಲ್ಲ ಹೇಳಿಕೊಟ್ಟರು. ಯುದ್ಧ ಬಂದಾಗ ಊರಿಗೆ ಮರಳಿದರು, ಮುಗಿದ ಮೇಲೆ ಮತ್ತೆ ಹೋದರು. 1947ರಲ್ಲಿ ಚೆಕೊಸ್ಲೊವಾಕಿಯ ಮೊದಲ ಸಲ ವಿಶ್ವ ಚಾಂಪಿಯನ್ ಆಯಿತು, 1948ರ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಪಡೆಯಿತು. ಆ ದೇಶದ ಐಸ್ ಹಾಕಿಯ ಪಿತಾಮಹ ಎಂದು ಇವರನ್ನು ಕರೆಯುತ್ತಾರೆ.

1961ರಲ್ಲಿ ಟ್ರೇಲ್ ಜೊತೆ ಸಮಬಲ ಸಾಧಿಸಿ ಚಿನ್ನಕ್ಕೆ ಕೊನೆಯವರೆಗೆ ಪೈಪೋಟಿ ಕೊಟ್ಟದ್ದು ಇದೇ ಚೆಕೊಸ್ಲೊವಾಕಿಯ. ಟ್ರೇಲ್‌ನವರೇ ನೆಟ್ಟ ಗಿಡದ ಹಣ್ಣು ಅದು ಅಂದರೂ ತಪ್ಪಿಲ್ಲ.

ಸುತ್ತಮುತ್ತ ಬೇರೆ ತಂಡಗಳೂ ಇದ್ದವಾ?

ಬೇಕಾದಷ್ಟು. ರಾಸ್ಲೆಂಡ್‌ನಲ್ಲಿ 1898ರಿಂದಲೇ ಚಳಿಗಾಲದ ಉತ್ಸವದಲ್ಲಿ ಹಾಕಿ ಪಂದ್ಯ ನಡೆಯುತ್ತಿತ್ತು. ಕಿಂಬರ್ಲಿಯಲ್ಲಿ ಡೈನಮೈಟರ್ಸ್ ತಂಡ. ಅಲ್ಲಿನ ಸಲಿವನ್ ಗಣಿಯೂ ಟ್ರೇಲ್ ಕಂಪನಿಯದೇ, ಅಲ್ಲಿ ಅಗೆದ ಅದಿರು ಕರಗುತ್ತಿದ್ದದ್ದು ಟ್ರೇಲ್‌ನಲ್ಲಿ. ಡೈನಮೈಟರ್ಸ್ 1936ರಲ್ಲಿ ಅಲನ್ ಕಪ್, 1937ರಲ್ಲಿ ಲಂಡನ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್ ಗೆದ್ದಿತ್ತು. ಅಂದರೆ ಒಂದೇ ಕಂಪನಿಯ ಎರಡು ಊರು, ಮೂರು ವರ್ಷದಲ್ಲಿ ಎರಡು ವಿಶ್ವ ಪ್ರಶಸ್ತಿ!

ಯುದ್ಧದ ನಂತರ ಟ್ರೇಲ್, ನೆಲ್ಸನ್, ಕಿಂಬರ್ಲಿ, ರಾಸ್ಲೆಂಡ್, ಗಡಿಯಾಚೆಯ ಸ್ಪೋಕೇನ್ ತಂಡಗಳು ವೆಸ್ಟರ್ನ್ ಇಂಟರ್‌ನ್ಯಾಷನಲ್ ಲೀಗ್‌ನಲ್ಲಿ ಆಡಿದವು. ಹಿಮ ಬಿದ್ದ ಗುಡ್ಡದ ರಸ್ತೆಯಲ್ಲಿ ಬಸ್ ಹತ್ತಿ ಹೋಗಿ, ಆಡಿ, ರಾತ್ರಿಯೇ ವಾಪಸ್ಸು ಬಂದು ಬೆಳಗ್ಗೆ ಶಿಫ್ಟ್‌ಗೆ ಹಾಜರಾಗಬೇಕು. ಹತ್ತಿರದ ಊರುಗಳ ನಡುವೆ ಜಿದ್ದು ಜೋರಾಗಿತ್ತು. ವಾರ ವಾರ ಗಟ್ಟಿ ಎದುರಾಳಿ ಸಿಕ್ಕಿದ್ದೂ ಟ್ರೇಲ್ ಬೆಳೆಯಲು ಒಂದು ಕಾರಣ ಎನ್ನುವುದು ನನ್ನ ಅಭಿಪ್ರಾಯ.

1961ರಲ್ಲಿ ಮತ್ತೆ ಟ್ರೇಲ್‌ಗೇ ಅವಕಾಶ ಸಿಕ್ಕಿದ್ದು ಹೇಗೆ?

1960ರ ಅಲನ್ ಕಪ್ ಫೈನಲ್‌ನಲ್ಲಿ ಟ್ರೇಲ್ ಸೋತಿತ್ತು. ಗೆದ್ದದ್ದು ಆಂಟಾರಿಯೊದ ಚಾಟಮ್ ಮರೂನ್ಸ್. ಅವರು ಯುರೋಪಿಗೆ ಹೋಗಲು ಒಪ್ಪಲಿಲ್ಲ. ಅವಕಾಶ ಎರಡನೇ ಸ್ಥಾನದ ಟ್ರೇಲ್‌ಗೆ ಬಂತು. ತಂಡದ ಹೊಣೆ ಬಾಬಿ ಕ್ರಾಮ್ ಅವರದು, ಆಡುವವರೂ ಅವರೇ, ತರಬೇತುದಾರರೂ ಅವರೇ. ಬಲ ಹೆಚ್ಚಿಸಲು ಹೊರಗಿನಿಂದ ಕೆಲವರನ್ನು ಸೇರಿಸಿಕೊಂಡರು. ಹಿಂದೆ ಎನ್‌ಎಚ್‌ಎಲ್‌ನ ನ್ಯೂಯಾರ್ಕ್ ರೇಂಜರ್ಸ್‌ಗೆ ಆಡಿದ್ದ ಜ್ಯಾಕಿ ಮೆಕ್‌ಲಿಯೊಡ್ ಅವರಲ್ಲಿ ಮುಖ್ಯರು. ಪಂದ್ಯಾವಳಿಯಲ್ಲಿ ಅವರು ರಾಶಿ ಗೋಲು ಹೊಡೆದರು.

ಆ ಹೊತ್ತಿಗೆ ಕಾಲ ಬದಲಾಗಿತ್ತು. ಕೆನಡಾದ ಯಾವ ಕ್ಲಬ್ ಹೋದರೂ ಗೆಲ್ಲುತ್ತದೆ ಎಂಬ ಭರವಸೆ ಇರಲಿಲ್ಲ. 1954ರಲ್ಲಿ ಸೋವಿಯತ್ ಒಕ್ಕೂಟ ಮೊದಲ ಸಲ ಬಂದು, ಈಸ್ಟ್ ಯಾರ್ಕ್ ಲಿಂಡ್‌ಹರ್ಸ್ಟ್ಸ್ ತಂಡವನ್ನು 7–2ರಿಂದ ಸೋಲಿಸಿ ಚಿನ್ನ ಒಯ್ದಿತ್ತು. ಮರುವರ್ಷ ಬ್ರಿಟಿಷ್ ಕೊಲಂಬಿಯಾದ ಇನ್ನೊಂದು ಸಣ್ಣ ಊರಿನ ಪೆಂಟಿಕ್ಟನ್ ವೀಸ್ 5–0ರಿಂದ ತಿರುಗೇಟು ಕೊಟ್ಟಿತು. ಸೋವಿಯತ್ ಆಟಗಾರರೂ ಹೆಸರಿಗೆ ಅಮೆಚೂರ್. ಆದರೆ ಸೈನ್ಯದ ಕ್ಲಬ್‌ನಂಥ ಕಡೆ ಸೇರಿ, ವರ್ಷವಿಡೀ ಆಟವನ್ನೇ ಅಭ್ಯಾಸ ಮಾಡುತ್ತಿದ್ದರು. ಟ್ರೇಲ್‌ನವರು ಕೆಲಸಕ್ಕೆ ರಜೆ ಹಾಕಿ ಹೋದವರು.

ಆ ಕೊನೆಯ ಪಂದ್ಯ ಹೇಗಿತ್ತು?

ಜಾಗ ಮತ್ತೆ ಸ್ವಿಟ್ಜರ್ಲೆಂಡ್. ಜಿನೀವಾ ಮತ್ತು ಲೋಸಾನ್, 1961ರ ಮಾರ್ಚ್. ನಾಕ್‌ಔಟ್ ಇಲ್ಲ, ಫೈನಲ್ ಇಲ್ಲ. ಎಂಟು ತಂಡ, ಎಲ್ಲರೂ ಎಲ್ಲರ ಜೊತೆ ಒಂದೊಂದು ಪಂದ್ಯ ಆಡಬೇಕು. ಗೆದ್ದರೆ ಎರಡು ಪಾಯಿಂಟ್, ಸಮ ಆದರೆ ಒಂದು. ಟ್ರೇಲ್ ಚೆಕೊಸ್ಲೊವಾಕಿಯ ಜೊತೆ 1–1 ಸಮ ಮಾಡಿಕೊಂಡಿತ್ತು. ಚೆಕೊಸ್ಲೊವಾಕಿಯ ಸೋವಿಯತ್ ತಂಡವನ್ನು 6–4ರಿಂದ ಸೋಲಿಸಿತ್ತು. ಉಳಿದದ್ದು ಮಾರ್ಚ್ 12ರಂದು ಟ್ರೇಲ್ ಮತ್ತು ಸೋವಿಯತ್ ಒಕ್ಕೂಟದ ಪಂದ್ಯ.

ಬರೀ ಗೆದ್ದರೆ ಸಾಲದು. ಪಾಯಿಂಟ್ ಸಮ ಆದಾಗ ಗೋಲುಗಳ ಲೆಕ್ಕ ನೋಡುವ ನಿಯಮ. ಆದ್ದರಿಂದ ಹೊಡೆಯುವ ಪ್ರತಿ ಗೋಲೂ, ಬಿಡುವ ಪ್ರತಿ ಗೋಲೂ ಬೆಲೆಯುಳ್ಳದ್ದು. ಟ್ರೇಲ್ ಮುನ್ನಡೆ ಪಡೆದು ಕೈ ಬಿಡಲಿಲ್ಲ. ಪಂದ್ಯ ಮುಗಿಯುತ್ತಾ ಬಂದಾಗ ನಾರ್ಮ್ ಲೆನಾರ್ಡನ್ ಎದುರಾಳಿಯಿಂದ ಪಕ್ (ಚೆಂಡಿನ ಬದಲು ಆಡುವ ಬಿಲ್ಲೆ) ಕಿತ್ತುಕೊಂಡು ಐದನೇ ಗೋಲು ಹೊಡೆದರು. 5–1. ಟ್ರೇಲ್‌ನಲ್ಲಿ ಹಳಬರು ಇವತ್ತಿಗೂ ಹೇಳುವುದು ಈ ಗೋಲಿನ ಕತೆಯನ್ನೇ.

ಕೆನಡಾ, ಚೆಕೊಸ್ಲೊವಾಕಿಯ ಎರಡಕ್ಕೂ 13 ಪಾಯಿಂಟ್. ಏಳು ಪಂದ್ಯದಲ್ಲಿ 45 ಗೋಲು ಹೊಡೆದು 11 ಬಿಟ್ಟುಕೊಟ್ಟಿದ್ದ ಟ್ರೇಲ್‌ಗೆ ಚಿನ್ನ ಸಿಕ್ಕಿತು.

ಯುರೋಪಿನಲ್ಲಿ ಆಡುವ ನಿಯಮ ಬೇರೆಯಾ?

ಸ್ವಲ್ಪ ಬೇರೆ. ಅಲ್ಲಿನ ರಿಂಕ್ ಅಗಲ ಜಾಸ್ತಿ. ಸುಮಾರು 30 ಮೀಟರ್, ಕೆನಡಾದಲ್ಲಿ 26. ಅಗಲ ಜಾಸ್ತಿಯಾದರೆ ಓಟಕ್ಕೂ ಪಾಸ್‌ಗೂ ಜಾಗ ಜಾಸ್ತಿ, ಮೈಗೆ ಮೈ ಗುದ್ದಿ ತಡೆಯುವುದು ಕಷ್ಟ. ಅದರ ಮೇಲೆ ಆಗಿನ ಅಂತರರಾಷ್ಟ್ರೀಯ ನಿಯಮದಲ್ಲಿ ಎದುರಾಳಿಯ ಕಡೆಯ ಅರ್ಧದಲ್ಲಿ ಮೈಯಿಂದ ಗುದ್ದುವಂತಿರಲಿಲ್ಲ. 1969ರಲ್ಲಷ್ಟೇ ಆ ನಿರ್ಬಂಧ ಹೋಯಿತು. ಕೆನಡಾದಲ್ಲಿ ಚಪ್ಪಾಳೆ ಗಿಟ್ಟಿಸುವ ಆಟಕ್ಕೆ ಇಲ್ಲಿ ಎರಡು ನಿಮಿಷ ಹೊರಗೆ ಕೂರುವ ಪೆನಾಲ್ಟಿ. ಹುಟ್ಟಿನಿಂದ ಕಲಿತ ಅಭ್ಯಾಸವನ್ನು ಒಂದೆರಡು ವಾರದಲ್ಲಿ ತಿದ್ದಿಕೊಳ್ಳಬೇಕಿತ್ತು. ಹಾಗಾಗಿ 1961ರ ಗೆಲುವು ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ.

ಸೇತ್ ಮಾರ್ಟಿನ್ ಅಷ್ಟು ದೊಡ್ಡ ಗೋಲ್‌ಕೀಪರಾ?

ಹೌದು, ಇವರ ಬಗ್ಗೆ ಎಷ್ಟು ಬರೆದರೂ ನನಗೆ ಸಾಲದು. 1933ರಲ್ಲಿ ರಾಸ್ಲೆಂಡ್‌ನಲ್ಲಿ ಹುಟ್ಟಿದರು. ಟ್ರೇಲ್‌ನಲ್ಲಿ ಅಗ್ನಿಶಾಮಕ ಸಿಬ್ಬಂದಿ ಕೆಲಸ. 1961ರ ವಿಶ್ವ ಚಾಂಪಿಯನ್‌ಶಿಪ್‌ನ ಅತ್ಯುತ್ತಮ ಗೋಲ್‌ಕೀಪರ್ ಇವರೇ. ಆಮೇಲೆ 1963, 1964ರ ಒಲಿಂಪಿಕ್ಸ್ ಮತ್ತು 1966ರಲ್ಲೂ ಅದೇ ಗೌರವ. ಒಟ್ಟು ನಾಲ್ಕು ಸಲ!

ಮಾಸ್ಕ್ ವಿಷಯ ಹೇಳಲೇಬೇಕು. ಐಸ್ ಹಾಕಿಯ ಪಕ್ ಗಟ್ಟಿ ರಬ್ಬರ್ ಬಿಲ್ಲೆ. ವೇಗವಾಗಿ ಬಂದು ಮುಖಕ್ಕೆ ಬಡಿದರೆ ಹಲ್ಲು, ಮೂಳೆ ಯಾವುದೂ ಉಳಿಯುವುದಿಲ್ಲ. ಆದರೂ ಆ ಕಾಲದವರೆಗೆ ಗೋಲ್‌ಕೀಪರ್‌ಗಳು ಬರಿ ಮುಖದಲ್ಲೇ ನಿಲ್ಲುತ್ತಿದ್ದರು. ಎನ್‌ಎಚ್‌ಎಲ್‌ನಲ್ಲಿ ಜಾಕ್ ಪ್ಲಾಂಟ್ ಮಾಸ್ಕ್ ಹಾಕಿ ಆಡಲು ಶುರು ಮಾಡಿದ್ದು 1959ರ ನವೆಂಬರ್‌ನಲ್ಲಿ. ಮಾರ್ಟಿನ್ ತಮ್ಮ ಮಾಸ್ಕ್ ಅನ್ನು ತಾವೇ ಫೈಬರ್‌ಗ್ಲಾಸ್‌ನಲ್ಲಿ ಮಾಡಿಕೊಂಡರು. ಅಂಗಡಿಯಲ್ಲಿ ಸಿಗುವ ವಸ್ತು ಆಗಿರಲಿಲ್ಲ ಅದು. ಮುಖದ ಅಳತೆಗೆ ಅಚ್ಚು ತೆಗೆದು, ಪದರ ಪದರವಾಗಿ ಕೂರಿಸಿ, ಕಣ್ಣು ಬಾಯಿಗೆ ಕಿಂಡಿ ಕೊರೆಯಬೇಕು. 1961ರಲ್ಲಿ ಅದನ್ನು ತೊಟ್ಟು ನಿಂತಾಗ ಯುರೋಪಿನವರಿಗೆ ಅದು ಹೊಸ ನೋಟ. ಸೋವಿಯತ್ ಗೋಲ್‌ಕೀಪರ್‌ಗಳು ಇವರ ಆಟವನ್ನು ಕಣ್ಣಿಟ್ಟು ನೋಡಿ ಕಲಿತರು.

1967ರಲ್ಲಿ ಎನ್‌ಎಚ್‌ಎಲ್ ಆರರಿಂದ ಹನ್ನೆರಡು ತಂಡಕ್ಕೆ ಬೆಳೆಯಿತು. ಮಾರ್ಟಿನ್ ಸೇಂಟ್ ಲೂಯಿಸ್ ಬ್ಲೂಸ್ ಸೇರಿ, ಇನ್ನೊಬ್ಬ ಗೋಲ್‌ಕೀಪರ್ ಗ್ಲೆನ್ ಹಾಲ್ ಜೊತೆ 1967–68ರ ಒಂದು ಸೀಸನ್ ಆಡಿದರು. ತಂಡ ಸ್ಟ್ಯಾನ್ಲಿ ಕಪ್ ಫೈನಲ್‌ಗೂ ಹೋಯಿತು. ಆಮೇಲೆ ಊರಿಗೆ, ತಮ್ಮ ಕೆಲಸಕ್ಕೆ ಹಿಂತಿರುಗಿದರು. ಅಲ್ಲಿ ಪಿಂಚಣಿ ಇತ್ತು, ಮನೆ ಇತ್ತು. ಆಗಿನ ವೃತ್ತಿಪರ ಆಟದಲ್ಲಿ ಸಂಬಳ ಈಗಿನ ಹಾಗೆ ಇರಲಿಲ್ಲ, ಅವರ ನಿರ್ಧಾರ ನನಗೆ ಪೂರ್ತಿ ಅರ್ಥವಾಗುತ್ತದೆ. 1997ರಲ್ಲಿ ಅಂತರರಾಷ್ಟ್ರೀಯ ಐಸ್ ಹಾಕಿ ಸಂಸ್ಥೆ ತನ್ನ ಹಾಲ್ ಆಫ್ ಫೇಮ್ ಶುರು ಮಾಡಿದಾಗ ಮೊದಲ ಸಾಲಿನಲ್ಲೇ ಇವರನ್ನು ಸೇರಿಸಿತು. 2014ರಲ್ಲಿ ತೀರಿಕೊಂಡರು.

1961ರ ನಂತರ ತಂಡ ಏನಾಯಿತು?

1962ರಲ್ಲಿ ‘ಮಾಂಟ್ರಿಯಲ್ ಒಲಿಂಪಿಕ್ಸ್’ ಎಂಬ ಹೆಸರಿನ ಕ್ಲಬ್ ತಂಡವನ್ನು ಸೋಲಿಸಿ ಮತ್ತೆ ಅಲನ್ ಕಪ್ ಗೆದ್ದರು. 1963ರಲ್ಲಿ ಸ್ಟಾಕ್‌ಹೋಮ್‌ನ ವಿಶ್ವ ಚಾಂಪಿಯನ್‌ಶಿಪ್‌ಗೆ ಮೂರನೇ ಸಲ ಹೋದರು. ಈ ಸಲ ಸಿಕ್ಕಿದ್ದು ನಾಲ್ಕನೇ ಸ್ಥಾನ. ಚಾಂಪಿಯನ್‌ಶಿಪ್‌ನಲ್ಲಿ ಕೆನಡಾ ಪದಕ ಇಲ್ಲದೆ ಮರಳಿದ್ದು ಇದೇ ಮೊದಲು. ದೇಶದಲ್ಲಿ ಬೇಸರ ಆಯಿತು. ಆದರೆ ತಪ್ಪು ಟ್ರೇಲ್‌ನದು ಎಂದು ನಾನು ಒಪ್ಪುವುದಿಲ್ಲ. ಅದೇ ಪಂದ್ಯಾವಳಿಯಲ್ಲಿ ಅತ್ಯುತ್ತಮ ಗೋಲ್‌ಕೀಪರ್ ಗೌರವ ಮಾರ್ಟಿನ್ ಅವರಿಗೇ ಬಂತು ಎಂಬುದನ್ನು ನೋಡಿ. ಸೋವಿಯತ್, ಸ್ವೀಡನ್, ಚೆಕೊಸ್ಲೊವಾಕಿಯ ತಂಡಗಳು ಅಷ್ಟು ಮುಂದೆ ಹೋಗಿದ್ದವು. ರಜೆ ಹಾಕಿ ಬಂದು ಆಡುವ ಒಂದು ಊರಿನ ತಂಡ ಇನ್ನು ಅವರನ್ನು ಹಿಡಿಯುವಂತಿರಲಿಲ್ಲ.

1964ರ ಇನ್ಸ್‌ಬ್ರುಕ್ ಒಲಿಂಪಿಕ್ಸ್‌ನಿಂದ ಕೆನಡಾ, ಫಾದರ್ ಡೇವಿಡ್ ಬಾಯರ್ ಕಟ್ಟಿದ ಪ್ರತ್ಯೇಕ ರಾಷ್ಟ್ರೀಯ ತಂಡವನ್ನು ಕಳಿಸಲು ಶುರು ಮಾಡಿತು. ಕ್ಲಬ್‌ಗಳ ಕಾಲ ಅಲ್ಲಿಗೆ ಮುಗಿಯಿತು. 1961ರ ನಂತರ ಕೆನಡಾಕ್ಕೆ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮತ್ತೆ ಚಿನ್ನ ಸಿಕ್ಕಿದ್ದು 1994ರಲ್ಲಿ, ಎನ್‌ಎಚ್‌ಎಲ್ ಆಟಗಾರರ ತಂಡಕ್ಕೆ. ಮೂವತ್ತಮೂರು ವರ್ಷ!

ಇದೆಲ್ಲ ಅದೃಷ್ಟದ ಗೆಲುವು ಅಂತ ಕೆಲವರು ಹೇಳ್ತಾರಲ್ಲ?

ಹೇಳುತ್ತಾರೆ, ಅದು ಸರಿಯಲ್ಲ. ಬಡ ಊರಿನ ಹುಡುಗರು ಹೇಗೋ ಗೆದ್ದುಬಿಟ್ಟರು ಎಂದು ಬರೆದರೆ ಓದಲು ಚೆಂದ, ಅಷ್ಟೇ. ಅಲನ್ ಕಪ್ ಎರಡು ಸಲ, ವಿಶ್ವ ಪ್ರಶಸ್ತಿ ಎರಡು ಸಲ, ಅದೂ ಇಪ್ಪತ್ತೆರಡು ವರ್ಷದ ಅಂತರದಲ್ಲಿ. ಪೂರ್ತಿ ಬೇರೆ ಬೇರೆ ಆಟಗಾರರು. ಅದೃಷ್ಟ ಹಾಗೆ ತಲೆಮಾರು ದಾಟಿ ಬರುವುದಿಲ್ಲ ಅಲ್ವಾ? ಹಿಂದೆ ಗಟ್ಟಿ ಏರ್ಪಾಡು ಇತ್ತು. ಕಂಪನಿ ಕೆಲಸ ಕೊಟ್ಟಿತು, ರಿಂಕ್‌ಗೆ ದುಡ್ಡು ಕೊಟ್ಟಿತು. ಊರಿನವರು ಟಿಕೆಟ್ ತಗೊಂಡು ರಿಂಕ್ ತುಂಬಿಸಿದರು. ಹಳೆಯ ಆಟಗಾರರು ಮಕ್ಕಳಿಗೆ ಕಲಿಸಿದರು. ಇವುಗಳಲ್ಲಿ ಒಂದು ತಪ್ಪಿದ್ದರೂ 1961 ಇರುತ್ತಿರಲಿಲ್ಲ.

ಈಗಲೂ ತಂಡ ಇದೆಯಾ?

ಸೀನಿಯರ್ ತಂಡ ಇಲ್ಲ. ಎನ್‌ಎಚ್‌ಎಲ್ ಬೆಳೆದಂತೆ, ಮನೆಮನೆಗೆ ಟಿವಿ ಬಂದಂತೆ ಸಣ್ಣ ಊರುಗಳ ಸೀನಿಯರ್ ಹಾಕಿಗೆ ಜನ ಕಡಿಮೆಯಾದರು. 1980ರ ದಶಕದ ಕೊನೆಯ ಹೊತ್ತಿಗೆ ವೆಸ್ಟರ್ನ್ ಇಂಟರ್‌ನ್ಯಾಷನಲ್ ಲೀಗ್ ನಿಂತುಹೋಯಿತು, ಟ್ರೇಲ್‌ನ ಸೀನಿಯರ್ ತಂಡವೂ ಮುಚ್ಚಿತು. ಹೆಸರು ಮಾತ್ರ ಉಳಿದಿದೆ. ಹದಿಹರೆಯದ ಹುಡುಗರ ಜೂನಿಯರ್ ತಂಡ ಟ್ರೇಲ್ ಸ್ಮೋಕ್ ಈಟರ್ಸ್ ಎಂಬ ಹೆಸರಿನಲ್ಲೇ 1995ರಿಂದ ಬ್ರಿಟಿಷ್ ಕೊಲಂಬಿಯಾ ಹಾಕಿ ಲೀಗ್‌ನಲ್ಲಿ ಆಡುತ್ತಾ ಬಂದಿದೆ. ಮನೆಯಂಗಳ ಅದೇ ಕೊಮಿಂಕೊ ಅರೀನಾ, ಬಣ್ಣ ಅದೇ ಕಿತ್ತಳೆ, ಕಪ್ಪು.

ವ್ಯಾಂಕೂವರ್ ಕಡೆ ಇರುವ ಕನ್ನಡಿಗರು ಹೋಗಿ ನೋಡಬಹುದಾ?

ಖಂಡಿತ. ಕಾರಿನಲ್ಲಿ ಆರುನೂರು ಕಿಲೋಮೀಟರ್‌ಗಿಂತ ಜಾಸ್ತಿ, ಘಾಟ್ ರಸ್ತೆ. ಒಂದು ರಾತ್ರಿ ಉಳಿಯುವ ಹಾಗೆ ಹೋಗಿ. ಚಳಿಗಾಲದಲ್ಲಿ ಹಿಮಕ್ಕೆ ತಕ್ಕ ಟೈರ್ ಬೇಕೇ ಬೇಕು. ಜೂನಿಯರ್ ಪಂದ್ಯ ಇರುವ ಸಂಜೆ ನೋಡಿಕೊಂಡು ಹೋದರೆ ಒಳ್ಳೆಯದು. ಮೆಮೋರಿಯಲ್ ಸೆಂಟರ್‌ನಲ್ಲಿ ಹಳೆಯ ತಂಡಗಳ ಫೋಟೊ, ನೆನಪಿನ ವಸ್ತುಗಳನ್ನೂ ನೋಡಬಹುದು.

ಟ್ರೇಲ್‌ನಿಂದ ಬೇರೆ ಯಾರು ಹೆಸರು ಮಾಡಿದ್ದಾರೆ?

ಊರಿನ ಗಾತ್ರಕ್ಕೆ ಪಟ್ಟಿ ಉದ್ದ ಇದೆ. ಗೋಲ್‌ಕೀಪರ್ ಸೀಸರ್ ಮನಿಯಾಗೊ, ಎನ್‌ಎಚ್‌ಎಲ್‌ನಲ್ಲಿ ನಾನೂರಕ್ಕೂ ಜಾಸ್ತಿ ಗೋಲು ಹೊಡೆದ ರೇ ಫೆರಾರೊ, 1996ರಲ್ಲಿ ಕೊಲರಾಡೊ ಜೊತೆ ಸ್ಟ್ಯಾನ್ಲಿ ಕಪ್ ಗೆದ್ದ ಆಡಮ್ ಡೆಡ್‌ಮಾರ್ಶ್, 2003ರ ಅತ್ಯುತ್ತಮ ಹೊಸ ಆಟಗಾರ ಬ್ಯಾರೆಟ್ ಜ್ಯಾಕ್‌ಮನ್, ಎಲ್ಲರೂ ಟ್ರೇಲ್‌ನಲ್ಲಿ ಹುಟ್ಟಿದವರು. 1961ರ ತರಬೇತುದಾರ ಬಾಬಿ ಕ್ರಾಮ್ ಮುಂದೆ ಡೆಟ್ರಾಯಿಟ್ ರೆಡ್ ವಿಂಗ್ಸ್‌ಗೆ ಹೋಗಿ, 1978ರಲ್ಲಿ ಎನ್‌ಎಚ್‌ಎಲ್‌ನ ಅತ್ಯುತ್ತಮ ತರಬೇತುದಾರ ಪ್ರಶಸ್ತಿ ಪಡೆದರು.

ಟಾಂಬೆಲಿನಿ ಮನೆತನದ್ದು ಮೂರು ತಲೆಮಾರಿನ ಕತೆ. ಅಜ್ಜ ಆಡಿ 1961ರ ತಂಡದಲ್ಲಿದ್ದರು. ಮಗ ಸ್ಟೀವ್ 1980ರಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ ಜೊತೆ ಸ್ಟ್ಯಾನ್ಲಿ ಕಪ್ ಗೆದ್ದರು. ಮೊಮ್ಮಗ ಜೆಫ್ ಎನ್‌ಎಚ್‌ಎಲ್‌ನಲ್ಲಿ ಆಡಿ, ಆಮೇಲೆ ಟ್ರೇಲ್‌ಗೆ ಬಂದು ಜೂನಿಯರ್ ಸ್ಮೋಕ್ ಈಟರ್ಸ್‌ಗೆ ತರಬೇತಿ ಕೊಟ್ಟರು.